ಈಸ್ಟರ್‌ಗೆ ಹಚ್ಚಿದ ಕ್ರಿಸ್ಮಸ್ ಪಟಾಕಿ

ಈಸ್ಟರ್ ಭಾನುವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನಾನು ಪಟಾಕಿ ಸರಕ್ಕೆ ಕಡ್ಡಿ ಗೀರಿದೆ. ಅಲ್ಲಿಯವರೆಗೆ ಎಲ್ಲವೂ ನನ್ನ ಯೋಜನೆಯಂತೆಯೇ ನಡೆದಿತ್ತು.

ಯೋಜನೆಗೆ ಕಾರಣ ಪಕ್ಕದ ತೋಟದ ಬೆಳ್ಯಪ್ಪಣ್ಣ. ಕ್ರಿಸ್ಮಸ್ ದಿನ ನಮ್ಮ ಮನೆಗೆ ಇಡೀ ಮಾದಾಪುರವೇ ಬರುತ್ತದೆ. ನಕ್ಷತ್ರದ ಕೆಳಗೆ ಸೆಲ್ಫಿ, ಯೇಸು ಹುಟ್ಟಿದ ಗೋದಲಿಯ ಮುಂದೆ ಸೆಲ್ಫಿ, ಆಮೇಲೆ ಕೇಕು, ಹಂದಿ ಕರಿ, ದ್ರಾಕ್ಷಿ ವೈನು. ಬಾಲಯೇಸುವಿಗಿಂತ ಬಾಟಲಿಗೇ ಹೆಚ್ಚು ಭಕ್ತರು! ಈಸ್ಟರ್‌ಗೋ, ಒಂದು ನರಪಿಳ್ಳೆಯೂ ಇಲ್ಲ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲವಿಡೀ ಮಾಂಸ ಬಿಟ್ಟು ಸೊರಗಿದ ನಮಗೆ, ಯೇಸು ಸತ್ತ ದಿನ ಬರುವುದು 'ಹ್ಯಾಪಿ ಗುಡ್ ಫ್ರೈಡೇ' ಎಂಬ ಮೆಸೇಜು. ಅದರಲ್ಲೊಂದು ಕುಣಿಯುವ ಮೊಲ! ನಮ್ಮವರೇನು ಕಮ್ಮಿಯೇ? ಕ್ರಿಸ್ಮಸ್ಸಿಗೆ ಸೂಟು ಹೊಲಿಸುವವರು ಈಸ್ಟರ್ ಪೂಜೆಯಲ್ಲಿ ಆಕಳಿಸುತ್ತಾರೆ.

"ಈಸ್ಟರ್ ಅಂದ್ರೆ ಏನು ಮಾರಾಯ, ಕ್ರಿಸ್ಮಸ್ಸಿನ ತಿಥಿಯಾ?" ಎಂದರು ಬೆಳ್ಯಪ್ಪಣ್ಣ.

ಎಂ.ಎ. ಓದಿದ ನನ್ನ ರಕ್ತ ಕುದಿಯಿತು. "ಸತ್ತ ಯೇಸು ಮೂರನೇ ದಿನ ಎದ್ದುಬಂದದ್ದು! ಇದೇ ದೊಡ್ಡ ಹಬ್ಬ ಅಣ್ಣ! ಭಾನುವಾರ ಬನ್ನಿ, ತೋರಿಸ್ತೀನಿ."

ಅಟ್ಟದಿಂದ ನಕ್ಷತ್ರ ಇಳಿಯಿತು. ಗೋದಲಿಯ ಗೋಣಿತಾಟುಗಳಿಂದ ಅಂಗಳದಲ್ಲಿ ಯೇಸು ಎದ್ದುಬಂದ ಸಮಾಧಿ ತಯಾರಾಯಿತು, ಆಳು ಕೂರುವಷ್ಟು ದೊಡ್ಡದು. ಒಳಗೆ ಬಿಳಿ ಬೆಡ್‌ಶೀಟು, ಬಾಯಿಗೆ ರಟ್ಟಿನ ಬಂಡೆ. ಉಳಿದ ಕ್ರಿಸ್ಮಸ್ ಪಟಾಕಿಯನ್ನು ಬಿಸಿಲಿಗಿಟ್ಟೆ.

"ರೀ, ಅಂಗಳದ ಪಕ್ಕದ ಸಿಲ್ವರ್ ಓಕ್ ಮರದಲ್ಲಿ ಹೆಜ್ಜೇನು ಕಟ್ಟಿದೆ," ಎಂದಳು ಹೆಂಡತಿ ಲಿಲ್ಲಿ.

"ಡಿಸೆಂಬರ್‌ನಲ್ಲಿ ಪಟಾಕಿ ಹೊಡೆದಾಗ ಏನಾಯ್ತು?"

"ಆಗ ಜೇನು ಎಲ್ಲಿತ್ತು? ಕಾಫಿ ಹೂವಾದ ಮೇಲಲ್ವಾ ಅದು ಬರೋದು? ಸಂಪಾಜೆಯಿಂದ ಅಪ್ಪ ಬೇರೆ ಬರ್ತಿದ್ದಾರೆ. ಅವರಿಗೆ ಜೇನು ಕಚ್ಚಿದ್ರೆ ಉಸಿರೇ ಕಟ್ಟುತ್ತೆ, ಗೊತ್ತಲ್ಲ?"

"ಹಬ್ಬದ ದಿನ ಅಪಶಕುನ ನುಡೀಬೇಡ," ಎಂದು ವಿದ್ಯಾವಂತನಾದ ನಾನು ನುಡಿದೆ.

ಭಾನುವಾರ ಬೆಳ್ಯಪ್ಪಣ್ಣ, ನೆರೆಯವರು, ಊರುಗೋಲೂರಿಕೊಂಡು ಮಾವ, ಎಲ್ಲರೂ ಅಂಗಳದಲ್ಲಿ ಸೇರಿದ ಮೇಲೆ ಕಡ್ಡಿ ಗೀರಿದೆ. ಸರ ಅರ್ಧ ಸಿಡಿಯುವಷ್ಟರಲ್ಲಿ ಮರ ಗುಂಯ್ ಎಂದಿತು. ಆಕಾಶ ಕಪ್ಪಾಯಿತು.

"ಜೇನು! ಓಡ್ರೋ!" ಬೆಳ್ಯಪ್ಪಣ್ಣ ಕೂಗಿದರು.

ಅತಿಥಿಗಳ ಸುರಕ್ಷತೆಯ ಸಂಪೂರ್ಣ ಹೊಣೆ ಹೊತ್ತಿದ್ದ ನಾನು ಎಲ್ಲರಿಗಿಂತ ಮೊದಲು ಮನೆಯೊಳಗಿದ್ದೆ! ಉಳಿದವರು ನುಗ್ಗಿದ ಕೂಡಲೇ ಚಿಲಕ ಜಡಿದೆ.

"ಅಪ್ಪ ಎಲ್ಲಿ?" ಎಂದಳು ಲಿಲ್ಲಿ.

ಕಿಟಕಿಯಲ್ಲಿ ನೋಡಿದೆ. ಅಂಗಳದಲ್ಲಿ ಮಾವನ ಊರುಗೋಲು ಬಿದ್ದಿತ್ತು. ಮಾವ ಇರಲಿಲ್ಲ. ಲಿಲ್ಲಿ ಕಂಬಳಿ ಸುತ್ತಿಕೊಂಡು ಬಾಗಿಲಿಗೆ ಹಾರಿದಳು. ಬೆಳ್ಯಪ್ಪಣ್ಣ ತಡೆದರು. "ಈಗ ಹೋದ್ರೆ ನೀನೂ ಹೋಗ್ತೀಯಮ್ಮಾ!" ಎಷ್ಟು ಕೂಗಿದರೂ ಹೊರಗಿನಿಂದ ಉತ್ತರವಿಲ್ಲ. ಗಾಜಿಗೆ ಆಲಿಕಲ್ಲಿನಂತೆ ಜೇನು ಬಡಿಯುತ್ತಿತ್ತು. ನಾನು ಆ ಊರುಗೋಲನ್ನೇ ನೋಡುತ್ತಾ ನಿಂತೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಗುಂಯ್‌ಗುಡುವುದು ಕಡಿಮೆಯಾಗಿ ಎಷ್ಟೋ ಹೊತ್ತಿನ ಮೇಲೆ ರಟ್ಟಿನ ಬಂಡೆ ಅಲುಗಿತು. ಉರುಳಿತು. ಸಮಾಧಿಯೊಳಗಿನಿಂದ ಬಿಳಿ ಬಟ್ಟೆ ಸುತ್ತಿಕೊಂಡ ಆಕೃತಿಯೊಂದು ಎದ್ದು ಬಂತು. ನಾನು ಶಿಲುಬೆಯ ಗುರುತು ಹಾಕಿಕೊಂಡೆ.

ಮಾವ! ಒಂದು ಜೇನೂ ಕಚ್ಚಿರಲಿಲ್ಲ. ಉಸಿರೆತ್ತದೆ ಒಳಗೆ ಕೂತಿದ್ದರು.

"ಬಾಗಿಲು ತೆಗೀತೀರಾ ಅಳಿಯಂದಿರೇ, ಇಲ್ಲಾ ಮೂರನೇ ದಿನ ಬರ್ಲಾ?"

ಲಿಲ್ಲಿ ನನ್ನನ್ನು ಪಕ್ಕಕ್ಕೆ ತಳ್ಳಿ ಚಿಲಕ ತೆಗೆದು, ಅಪ್ಪನನ್ನು ತಬ್ಬಿಕೊಂಡು ಅತ್ತಳು. ಬೆಳ್ಯಪ್ಪಣ್ಣ ಊದಿದ ಕಿವಿ ಉಜ್ಜಿಕೊಂಡರು. "ಈಗ ಅರ್ಥ ಆಯ್ತು ಮಾರಾಯ. ಕ್ರಿಸ್ಮಸ್ಸಿಗಿಂತ ಇದೇ ದೊಡ್ಡ ಹಬ್ಬ!"

ಆಮೇಲೆ ಫ್ರಿಜ್ ಗುಂಯ್ ಎಂದರೂ ಎದ್ದು ಕೂರುತ್ತಿದ್ದೆ. ಜೂನ್‌ನಲ್ಲಿ ಮಳೆ ಹಿಡಿಯಿತು, ಹೆಜ್ಜೇನು ಮರ ಬಿಟ್ಟು ಹೋಯಿತು. ಅಂದು ರಾತ್ರಿ ಬೆಳಗಿನವರೆಗೂ ಎಚ್ಚರವಿಲ್ಲದೆ ಮಲಗಿದೆ.

"ಒಳ್ಳೇ ನಿದ್ದೆ ಕಣೇ!" ಎಂದೆ.

"ಗೊತ್ತಾಯ್ತು," ಎಂದಳು ಲಿಲ್ಲಿ. "ಕಂಬಳಿ ಪೂರ್ತಿ ಎಳ್ಕೊಂಡು ನೀವೊಬ್ರೇ ಒಳಗೆ ಸೇರ್ಕೊಂಡ್ರಿ. ನಾನು ರಾತ್ರಿಯಿಡೀ ಹೊರಗೇ ಇದ್ದೆ!"