ಸೇತುವೆ ಚಿತ್ರದ ಮಸಿಯನ್ನು ಮರುಸ್ಥಾಪಿಸುವ ಬಗ್ಗೆ

ಸಂಖ್ಯೆ: ಮು.ಕ./ಗೋಡೆ/ಮಸಿ/22/ಭಾಗ-2
ಮುಖ್ಯ ಕಟ್ಟಡ, ನೆಲಮಹಡಿ
ದಿನಾಂಕ: ಸೇತುವೆಯ ನೂರನೇ ದಿನಾಚರಣೆಗೆ ಒಂಬತ್ತು ದಿನ ಮುಂಚೆ

ಸುತ್ತೋಲೆ

ವಿಷಯ: ಹಜಾರದ 'ಮೊದಲ ಸೇತುವೆ' ಗೋಡೆಚಿತ್ರವು ಪೂರ್ವಾನುಮತಿಯಿಲ್ಲದೆ ಸ್ವಚ್ಛವಾಗಿರುವುದು ಹಾಗೂ ತತ್ಪರಿಣಾಮವಾಗಿ ಕಾಣತೊಡಗಿರುವುದನ್ನು ಕಾಣದಂತೆ ಮಾಡುವ ಬಗ್ಗೆ.

ಉಲ್ಲೇಖ:
1. ದಿನಾಚರಣೆಯ ನಿಮಿತ್ತ ಕಟ್ಟಡವು 'ಲಕಲಕ ಹೊಳೆಯಬೇಕು' ಎಂಬ ಮೇಲ್ವಿಚಾರಕರ ಮೌಖಿಕ ಆದೇಶ (ತಾವು ಹಾಗೆ ಹೇಳಿಯೇ ಇಲ್ಲವೆಂದು ಅವರು ಈಗ ಲಿಖಿತವಾಗಿ ತಿಳಿಸಿರುತ್ತಾರೆ).
2. ಒರೆಸುವ ಕೆಲಸದ ಮಹಿಳೆಯ ಹೇಳಿಕೆ, ಪುಟ 1ರಿಂದ 1.
3. ಊಟದ ವಿರಾಮದಲ್ಲಿ ಗೋಡೆಯೆದುರು ಜನ ಸೇರುತ್ತಿರುವ ಬಗ್ಗೆ ದೂರುಗಳು.

ಪ್ರಸ್ತಾವನೆ:

ನಮ್ಮ ದೇಶವು ಒಂದು ಸೇತುವೆಯಿಂದ ಹುಟ್ಟಿತೆಂಬುದು ಹಾಲು ಕುಡಿಯುವ ಮಕ್ಕಳಿಗೂ ತಿಳಿದಿರುವ ವಿಷಯ. ಹೊಳೆ ದಾಟಬೇಕಾಗಿ ಬಂದಾಗ ನಮ್ಮ ಪೂರ್ವಿಕರು ಬಿಳಿಮೈಯವರು, ಕರಿಮೈಯವರು ಎಂಬ ಭೇದವೆಣಿಸದೆ ತಲೆಗೊಂದರಂತೆ ಕಲ್ಲು ಹೊತ್ತು ಸೇತುವೆ ಕಟ್ಟಿದರು. ಮೊದಲ ಕಲ್ಲನ್ನು ಸ್ವತಃ ಮೂಲಪುರುಷರೇ ತಲೆಯ ಮೇಲೆ ಹೊತ್ತರು. ಆದಕಾರಣ ನಮ್ಮಲ್ಲಿ ಮೇಲುಕೀಳು ಎಂಬುದಿಲ್ಲ. ಇದರ ಸ್ಮರಣಾರ್ಥ ಈ ಕಚೇರಿಯ ಸಮಸ್ತ ನೌಕರರು ಪ್ರತಿದಿನ ಹಾಜರಿ ಹಾಕುವ ಮೊದಲು ಗೋಡೆಚಿತ್ರದ ಎದುರು ಗೌರವದೀಪ ಹಚ್ಚಿ, "ಎಲ್ಲರೂ ಒಂದೊಂದು ಕಲ್ಲು ಹೊತ್ತರು, ಯಾರೂ ಹೆಚ್ಚು ಹೊರಲಿಲ್ಲ, ಯಾರೂ ಕಡಿಮೆ ಹೊರಲಿಲ್ಲ" ಎಂದು ಮೂರು ಬಾರಿ ಹೇಳುವುದು ರೂಢಿಯಲ್ಲಿದೆ. ಕರಿಮೈಯ ನೌಕರರು ಹಿಂಬಾಗಿಲಿನಿಂದ ಬರುವವರಾದ್ದರಿಂದ ಅವರು ಇದನ್ನು ಹಿಂದಿನ ಸಾಲಿನಲ್ಲಿ ನಿಂತು ಹೇಳುತ್ತಾರೆ.

ನೂರು ವರ್ಷಗಳ ದೀಪದ ಹೊಗೆಯಿಂದ ಚಿತ್ರಕ್ಕೆ ಮಸಿ ಹಿಡಿದು, ಅದರಲ್ಲಿದ್ದವರೆಲ್ಲ ಒಂದೇ ಕಂದುಬಣ್ಣಕ್ಕೆ ಬಂದಿದ್ದರು. ಇದನ್ನೇ ಇಲಾಖೆಯು 'ಏಕತೆ' ಎಂದು ಪಠ್ಯಪುಸ್ತಕದಲ್ಲಿ ಅಚ್ಚು ಮಾಡಿಸಿರುತ್ತದೆ.

ಹೀಗಿರುವಾಗ, ಕಳೆದ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಒರೆಸುವ ಕೆಲಸದ ಮಹಿಳೆಯು (ಇಪ್ಪತ್ತೆರಡು ವರ್ಷಗಳಿಂದ ದಿನಗೂಲಿ, ಕಚೇರಿಯಲ್ಲಿ 'ಬಕೆಟ್ ಅಕ್ಕ' ಎಂದು ಪ್ರಸಿದ್ಧರು, ಕಡತದಲ್ಲಿ ಬೇರೆ ಹೆಸರು ದೊರೆತಿಲ್ಲ) ಉಲ್ಲೇಖ 1ರ ಆದೇಶವನ್ನು ಅಕ್ಷರಶಃ ನಂಬಿ, ಸೋಪಿನ ನೀರಿನಿಂದ ತಮ್ಮ ಕೈಗೆಟುಕುವಷ್ಟು ಎತ್ತರದವರೆಗೆ ಗೋಡೆಯನ್ನು ಒರೆಸಿರುತ್ತಾರೆ. ಒರೆಸು ಎಂದಾಕ್ಷಣ ಯಾರಾದರೂ ಇಷ್ಟು ಒರೆಸಿದ ನಿದರ್ಶನ ಈ ಕಚೇರಿಯಲ್ಲಿ ಇಲ್ಲ. ಐದು ಬಕೆಟ್ ಕರಿನೀರು ಚರಂಡಿಗೆ ಹೋದ ಬಳಿಕ ಕಂಡುಬಂದುದೇನೆಂದರೆ, ಕಲ್ಲು ಹೊತ್ತಿರುವ ನಲವತ್ತೊಂದು ಮಂದಿಯೂ ಕರಿಮೈಯವರು. ಬಿಳಿಮೈಯ ಒಂಬತ್ತು ಮಂದಿಯ ಪೈಕಿ ಒಬ್ಬರು ಅಳತೆಯ ಹಗ್ಗ ಹಿಡಿದಿದ್ದಾರೆ, ಒಬ್ಬರು ಪುಸ್ತಕದಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದಾರೆ, ಮೂವರು ಬೆರಳು ತೋರಿಸುತ್ತಿದ್ದಾರೆ, ಒಬ್ಬರ ಕೈಯಲ್ಲಿ ಬೆತ್ತವಿದೆ. ಉಳಿದ ಮೂವರು ಊಟಕ್ಕೆ ಕುಳಿತಿದ್ದಾರೆ.

ಮೂಲಪುರುಷರು ಗೋಡೆಯ ಮೇಲ್ಭಾಗದಲ್ಲಿದ್ದು, ಸದರಿ ಮಹಿಳೆಯ ಕೈಗೆ ಎಟುಕದ ಕಾರಣ ಅವರು ತಲೆಯ ಮೇಲಿನ ಕಲ್ಲಿನ ಸಮೇತ ಮಸಿಯೊಳಗೆ ಸುರಕ್ಷಿತರಾಗಿದ್ದಾರೆ. ಇದೊಂದೇ ಇಲಾಖೆಗೆ ಉಳಿದಿರುವ ಸಮಾಧಾನ.

ವಿಚಾರಣೆಯಲ್ಲಿ ಸದರಿ ಮಹಿಳೆಯು, "ಒರೆಸು ಅಂದ್ರಿ ಸಾರ್, ಒರೆಸ್ದೆ. ಕೊಳೆ ಹೋದ್ರೆ ಅಡಿಯಲ್ಲಿ ಏನಿತ್ತೋ ಅದು ಕಾಣುತ್ತೆ. ಅದಕ್ಕೆ ನಾನೇನ್ ಮಾಡ್ಲಿ?" ಎಂದು ಹೇಳಿರುತ್ತಾರೆ. ಮುಂದುವರಿದು, ಕೆಳಗಿನ ಸಾಲಿನಲ್ಲಿ ತಲೆಯ ಮೇಲೆ ಕಲ್ಲು, ಸೊಂಟದ ಮೇಲೆ ಕೂಸು ಹೊತ್ತಿರುವ ಹೆಂಗಸನ್ನು ತೋರಿಸಿ, "ಇವ್ಳು ನಮ್ಮಜ್ಜಿಯ ಅಮ್ಮ. ಈ ಕಿರುಬೆರಳು ನೋಡಿ, ಒಳಗಡೆ ಸೊಟ್ಟಗಿದೆ. ನಮ್ಮಮ್ಮಂಗೂ ಹಿಂಗೇ ಇತ್ತು, ನನಗೂ ಹಿಂಗೇ, ನನ್ ಮಗಳಿಗೂ ಹಿಂಗೇ" ಎಂದು ತಮ್ಮ ಕೈಯನ್ನು ಗೋಡೆಯ ಪಕ್ಕದಲ್ಲಿ ಹಿಡಿದು ತೋರಿಸಿರುತ್ತಾರೆ. ಬೆರಳು ತಾಳೆಯಾಗಿರುತ್ತದೆ. ಹೇಳಿಕೆ ಬರೆದುಕೊಳ್ಳುತ್ತಿದ್ದ ಅಧೀಕ್ಷಕರು ಪೆನ್ನು ಕೆಳಗಿಟ್ಟು ಎರಡನೇ ಸಲವೂ ತಾಳೆ ನೋಡಿದರೆಂಬುದು ಕಡತಕ್ಕೆ ಸಂಬಂಧಪಟ್ಟ ವಿಷಯವಲ್ಲ.

ಇವೆಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಲಾಗಿ, ಈ ಕೆಳಕಂಡಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

1. ಗೋಡೆಚಿತ್ರದ ಹತ್ತು ಅಡಿಯೊಳಗೆ ಒದ್ದೆ ಬಟ್ಟೆ, ಸೋಪು, ಬಕೆಟ್ಟು ತರುವುದನ್ನು ನಿಷೇಧಿಸಲಾಗಿದೆ. ಚಿತ್ರ ನೋಡಿ ಕಣ್ಣೀರು ಬರುವವರು ಹನ್ನೊಂದನೇ ಅಡಿಯಲ್ಲಿ ನಿಂತು ಅಳತಕ್ಕದ್ದು.

2. 'ಎಲ್ಲರೂ ಒಂದೊಂದು ಕಲ್ಲು ಹೊತ್ತರು' ಎಂಬ ವಾಕ್ಯದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ. ಬದಲಿಗೆ, ಹೊರುವುದು ಎಂಬುದರ ಅರ್ಥವನ್ನು ಹಿಂದಿನಿಂದ ಅನ್ವಯವಾಗುವಂತೆ ವಿಸ್ತರಿಸಲಾಗಿದೆ. ಬೆರಳು ತೋರಿಸುವುದನ್ನು ಅರ್ಧ ಕಲ್ಲೆಂದೂ, ಬರೆದುಕೊಳ್ಳುವುದನ್ನು ಒಂದು ಕಲ್ಲೆಂದೂ, ಬೆತ್ತ ಹಿಡಿಯುವುದನ್ನು ಎರಡು ಕಲ್ಲೆಂದೂ (ಭುಜಕ್ಕೆ ಆಗುವ ಶ್ರಮವನ್ನು ಗಮನಿಸಿ) ಪರಿಗಣಿಸತಕ್ಕದ್ದು. ಊಟಕ್ಕೆ ಕುಳಿತ ಮೂವರು, ಎದ್ದ ಮೇಲೆ ಹೊರುವವರಿದ್ದರೆಂದು ಭಾವಿಸತಕ್ಕದ್ದು.

3. ಈ ಕಚೇರಿಯ ನೂರಾ ಹನ್ನೆರಡು ನೌಕರರಲ್ಲಿ ಕರಿಮೈಯವರು ಮೂವತ್ತೆಂಟು ಮಂದಿ. ಮೂವತ್ತೆಂಟೂ ಮಂದಿ ದಿನಗೂಲಿಯಲ್ಲಿದ್ದು, ಒಬ್ಬರಿಗೂ ಕುರ್ಚಿ ಇರುವುದಿಲ್ಲ. ಇದಕ್ಕೂ ಚಿತ್ರಕ್ಕೂ ಸಂಬಂಧ ಕಲ್ಪಿಸುವುದು ಅಪರಾಧ. ಇದು ಕೇವಲ ಕಾಕತಾಳೀಯವೆಂದು ಸಮಿತಿಯು ದೃಢೀಕರಿಸಿದ್ದು, ಈ ದೃಢೀಕರಣವನ್ನು ಪ್ರತಿವರ್ಷ ನವೀಕರಿಸಿ 'ಕಾಕತಾಳೀಯ ವಹಿ'ಯಲ್ಲಿ ನಮೂದಿಸಲಾಗುತ್ತಿದೆ. ಸದರಿ ವಹಿಯ ಹದಿನಾರನೇ ಸಂಪುಟ ತುಂಬುತ್ತಾ ಬಂದಿರುವುದೂ ಕಾಕತಾಳೀಯ.

4. ಹಿಂದಿನ ಬೀದಿಯಲ್ಲಿ ವಾಸವಿರುವ ಕರಿಮೈಯವರು ಊಟದ ವಿರಾಮದಲ್ಲಿ ಮಕ್ಕಳುಮರಿಗಳೊಂದಿಗೆ ಬಂದು ಗೋಡೆಯಲ್ಲಿ ತಮ್ಮವರನ್ನು ಹುಡುಕುತ್ತಿರುವುದು ಗಮನಕ್ಕೆ ಬಂದಿದೆ. ಈವರೆಗೆ ಎಂಟು ಅಜ್ಜಿಯರು, ಮೂವರು ತಾತಂದಿರು ಹಾಗೂ ಒಬ್ಬ ಸೋದರಮಾವ ಪತ್ತೆಯಾಗಿರುತ್ತಾರೆ. ಇನ್ನು ಮುಂದೆ ಬಂಧುಗಳ ಪತ್ತೆಗೆ ಎರಡನೇ ಮಂಗಳವಾರ ಮಾತ್ರ ಅವಕಾಶವಿದ್ದು, ಕುಟುಂಬಕ್ಕೆ ಒಬ್ಬ ಅಜ್ಜಿಯನ್ನು ಮೀರತಕ್ಕದ್ದಲ್ಲ. ಸೋದರಮಾವಂದಿರ ಕೋಟಾ ಮುಗಿದಿದೆ. ಪತ್ತೆಯಾದ ಅಜ್ಜಿಯನ್ನು 'ಅಜ್ಜೀ' ಎಂದು ಗಟ್ಟಿಯಾಗಿ ಕರೆಯತಕ್ಕದ್ದಲ್ಲ, ಕಡತಗಳಿಗೆ ತೊಂದರೆಯಾಗುತ್ತದೆ.

5. ನೌಕರರು ಚಿತ್ರದಲ್ಲಿರುವವರನ್ನು ಹೋಲತಕ್ಕದ್ದಲ್ಲ. ಈಗಾಗಲೇ ಹೋಲುತ್ತಿರುವವರು 'ಹೋಲಿಕೆ ನಿರಾಕರಣಾ ನಮೂನೆ'ಯನ್ನು ಮೂರು ಪ್ರತಿಗಳಲ್ಲಿ ಭರ್ತಿ ಮಾಡಿ, ಎರಡು ಭಾವಚಿತ್ರಗಳನ್ನು ಲಗತ್ತಿಸತಕ್ಕದ್ದು. ಭಾವಚಿತ್ರಗಳೂ ಅವರನ್ನು ಹೋಲತಕ್ಕದ್ದಲ್ಲ. ಸೊಟ್ಟ ಕಿರುಬೆರಳು ಉಳ್ಳವರು ಕಚೇರಿ ವೇಳೆಯಲ್ಲಿ ಅದನ್ನು ಮಡಚಿಟ್ಟುಕೊಳ್ಳತಕ್ಕದ್ದು.

6. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಗಾದೆಯಂತೆ, ಸೋಮವಾರದಿಂದೀಚೆಗೆ ಕೆಲವು ಬಿಳಿಮೈಯ ಅಧಿಕಾರಿಗಳು ತಮ್ಮ ಅಂಗೈಯನ್ನು ಪದೇ ಪದೇ ತಿರುಗಿಸಿ ನೋಡಿಕೊಳ್ಳುತ್ತಿರುವುದು ಕಂಡುಬಂದಿದೆ. ಅಂಗೈ ನುಣುಪಾಗಿರುವುದು ಸೇವಾ ನಿಯಮಗಳ ಉಲ್ಲಂಘನೆಯಲ್ಲ. ಅವರು ಧೈರ್ಯದಿಂದಿರತಕ್ಕದ್ದು.

7. ಮಸಿಯನ್ನು ಮರುಸ್ಥಾಪಿಸಲು ಗೌರವದೀಪಗಳ ಸಂಖ್ಯೆಯನ್ನು ಒಂದರಿಂದ ನಲವತ್ತಕ್ಕೆ ಏರಿಸಲಾಗಿದೆ. ತಾಂತ್ರಿಕ ವಿಭಾಗದ ಅಂದಾಜಿನಂತೆ ಚಿತ್ರವು ಪೂರ್ವಸ್ಥಿತಿಗೆ ಮರಳಲು ಎರಡೂವರೆ ವರ್ಷ ಬೇಕು. ಅಲ್ಲಿಯವರೆಗೆ ಮಸಿ ಇದೆಯೆಂದೇ ಭಾವಿಸಿ ನೋಡತಕ್ಕದ್ದು. ಹಾಗೆ ಭಾವಿಸಲು ಸಾಧ್ಯವಾಗದವರು ಹಾಜರಿ ವೇಳೆ ಕಣ್ಣು ಮುಚ್ಚಿಕೊಂಡು ಮುಂದಿನವರ ಹೆಗಲು ಹಿಡಿದು ಸಾಗಬಹುದು.

8. ಬಕೆಟ್ ಅಕ್ಕನವರನ್ನು ಕಾಯಂ ಮಾಡುವ ಆದೇಶವು ಹನ್ನೊಂದನೇ ಸಲ ಸಿದ್ಧವಾಗಿದ್ದು, ಅದನ್ನು ದಿನಾಚರಣೆಯಂದು ನೀಡಲು ಉದ್ದೇಶಿಸಲಾಗಿತ್ತು. ಕಾಯಂ ಆದಲ್ಲಿ ಅವರಿಗೆ ಒಂದು ಕುರ್ಚಿ, ಹಾಜರಿ ಪುಸ್ತಕದಲ್ಲಿ ಸ್ವಂತ ಹೆಸರು ಮತ್ತು ಮುಂಬಾಗಿಲಿನ ಬಳಕೆ ದೊರೆಯುತ್ತದೆ. ಮೂರನೆಯದರ ಬಗ್ಗೆ ಅವರು ಹನ್ನೊಂದೂ ಅರ್ಜಿಗಳಲ್ಲಿ, "ಸಾಯೋದ್ರೊಳಗೆ ಒಂದ್ಸಲ ಮುಂಬಾಗಿಲಿಂದ ಓಡಾಡ್ಬೇಕು ಸಾರ್" ಎಂದು ಬರೆಸಿರುತ್ತಾರೆ. ಸದರಿ ಆದೇಶವನ್ನು ಈಗ ಒಂದು ಷರತ್ತಿಗೆ ಒಳಪಡಿಸಲಾಗಿದೆ. ಅವರು ದೀಪದ ಕುಡಿಯಿಂದ ಮಸಿ ತೆಗೆದು ತಮ್ಮ ಕೈಯಾರೆ ಗೋಡೆಗೆ ಬಳಿಯತಕ್ಕದ್ದು. ಕೂಸು ಹೊತ್ತ ಹೆಂಗಸಿನಿಂದ ಪ್ರಾರಂಭಿಸತಕ್ಕದ್ದು. ಇಪ್ಪತ್ತೆರಡು ವರ್ಷ ಕಾದವರು ಒಂದು ಹಿಡಿ ಮಸಿಗೆ ಹಿಂದೆಗೆಯಲಾರರೆಂದು ಇಲಾಖೆಯು ದೃಢವಾಗಿ ನಂಬಿದೆ.

ಸಹಿ/-
ಅಧೀಕ್ಷಕರು
(ಗೋಡೆ ಮತ್ತು ನಂಬಿಕೆ ವಿಭಾಗ)

ಸೇರ್ಪಡೆ (ಸಹಿಯಾದ ಮೇಲೆ, ರವಾನೆಗೆ ಮುಂಚೆ)

ಈ ಸುತ್ತೋಲೆಯ ಆರು ಹಾಳೆಗಳ ಒಂದು ಪ್ರತಿಯನ್ನು ಇಂದು ಬೆಳಿಗ್ಗೆ ಬಕೆಟ್ ಅಕ್ಕನವರಿಗೆ ಮುಂಚಿತವಾಗಿ ನೀಡಲಾಯಿತು. ಅವರಿಗೆ ಓದಲು ಬಾರದ ಕಾರಣ ಬಾಗಿಲ ಕಾವಲುಗಾರರು ಎರಡು ಬಾರಿ ಓದಿ ಹೇಳಿದರು. ಎಂಟನೇ ಕಲಮನ್ನು ಮೂರನೇ ಸಲವೂ ಓದಿಸಲಾಯಿತು. ಎಲ್ಲವನ್ನೂ ಕೇಳಿ, ಕಡೆಗೆ ಅವರು "ಏಣಿ ಎಲ್ಲಿದೆ?" ಎಂದು ಮಾತ್ರ ಕೇಳಿದರು. ಮಸಿ ಬಳಿಯಲೆಂದೇ ಕೇಳುತ್ತಿದ್ದಾರೆಂದು ಸದುದ್ದೇಶದಿಂದ ಭಾವಿಸಿದ ಮೇಲ್ವಿಚಾರಕರು ಏಣಿ ತರಿಸಿ, ಅದನ್ನು ಸ್ವತಃ ಹಿಡಿದುಕೊಂಡು ನಿಂತರು.

ಸದರಿಯವರು ಮೇಲೇರಿ, ಸುತ್ತೋಲೆಯ ಆರೂ ಹಾಳೆಗಳನ್ನು ಬಕೆಟ್ಟಿನಲ್ಲಿ ಅದ್ದಿ, ಮೂಲಪುರುಷರ ಭಾಗವನ್ನು ಒರೆಸಿರುತ್ತಾರೆ. ಮಸಿ ತೆಗೆಯಲು ಬಟ್ಟೆಗಿಂತ ಕಾಗದವೇ ವಾಸಿ ಎಂಬುದು ಕಿಟಕಿ ಗಾಜುಗಳಿಂದ ಅವರಿಗೆ ಬಂದಿರುವ ಅನುಭವ. ಒರೆಸಿದ ನಂತರ ಕಂಡುಬಂದುದು: ಮೂಲಪುರುಷರ ತಲೆಯ ಮೇಲೆ ಕಲ್ಲಿಲ್ಲ. ಅದು ಛತ್ರಿ. ಅದನ್ನೂ ಅವರು ಹಿಡಿದಿಲ್ಲ. ಹಿಡಿದಿರುವವಳು ಹಿಂದೆ ನಿಂತಿರುವ ಕರಿಮೈಯ ಹೆಂಗಸು. ಆಕೆಯ ಇನ್ನೊಂದು ಕೈ ತನ್ನ ತಲೆಯ ಮೇಲಿನ ಕಲ್ಲನ್ನು ಹಿಡಿದಿದೆ.

ಕೆಳಗಿನಿಂದ ಮೇಲ್ವಿಚಾರಕರು, "ಏನಮ್ಮಾ ಇದು! ನಿನ್ ಕಾಯಂ ಆರ್ಡರ್ ಗತಿ ಏನು?" ಎಂದು ಕೇಳಿದ್ದಕ್ಕೆ ಸದರಿಯವರು, "ಗೋಡೆ ಮೇಲೆ ನಮ್ಮಜ್ಜಿ ಕಾಯಂ ಆದ್ಳಲ್ಲ ಸಾರ್, ಸಾಕು ಬಿಡಿ. ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ, ಇನ್ನೊಂದ್ ಚೂರು ಉಳಿದಿದೆ" ಎಂದಿರುತ್ತಾರೆ. ಮೇಲ್ವಿಚಾರಕರು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ.

ಕೆಲಸ ಮುಗಿಸಿ ಇಳಿದ ಸದರಿಯವರು ಬಕೆಟ್ಟು ಹಿಡಿದು ಮುಂಬಾಗಿಲಿನಿಂದ ಹೊರಗೆ ನಡೆದರು. ಕಾವಲುಗಾರರು ಎದ್ದು ನಿಂತು ಬಾಗಿಲು ತೆರೆದರು. ಅವರು ಇದುವರೆಗೆ ಮುಖ್ಯಸ್ಥರಿಗೂ ಹಾಗೆ ಎದ್ದು ನಿಂತ ದಾಖಲೆಯಿಲ್ಲ. ಇವೆಲ್ಲ ಮೇಲಿನ ಯಾವ ಕಲಮಿನಡಿ ಬರುತ್ತವೆಂದು ಪರಿಶೀಲಿಸಲಾಗುತ್ತಿದೆ. ಅಲ್ಲಿಯವರೆಗೆ ಈ ಕೆಳಗಿನ ಕಲಮನ್ನು ಸೇರಿಸಲಾಗಿದೆ.

9. ಛತ್ರಿಯನ್ನು ಕಲ್ಲೆಂದು ಭಾವಿಸತಕ್ಕದ್ದು. ಸಂದೇಹಕ್ಕೆ ಎಡೆಯಾಗದಂತೆ ಸಮಸ್ತ ನೌಕರರು ತಮ್ಮ ಸ್ವಂತ ಛತ್ರಿಗಳನ್ನೂ 'ಕಲ್ಲು' ಎಂದೇ ಕರೆಯತಕ್ಕದ್ದು. ಮಳೆ ಬಂದಾಗ ಕಲ್ಲು ಬಿಚ್ಚಿ, ನಿಂತ ಮೇಲೆ ಮಡಚಿ, ಒಣಗಿಸಿ ಮನೆಗೆ ಒಯ್ಯತಕ್ಕದ್ದು.

ಸಹಿ/-
ಅಧೀಕ್ಷಕರು

ಪ್ರತಿಗಳು:
1. ಮೇಲ್ವಿಚಾರಕರಿಗೆ, ಏಣಿಯನ್ನು ಇನ್ನಾದರೂ ಬಿಡಬೇಕೆಂಬ ಸೂಚನೆಯೊಂದಿಗೆ.
2. ಮುದ್ರಣಾಲಯಕ್ಕೆ. ಇಲಾಖೆಯ ಮೊಹರಿನಲ್ಲಿರುವ ಮೂಲಪುರುಷರ ಕಲ್ಲಿನಿಂದ ಹಿಡಿ ಮತ್ತು ಕಡ್ಡಿಗಳನ್ನು ಅಳಿಸತಕ್ಕದ್ದು.
3. ಪಠ್ಯಪುಸ್ತಕ ವಿಭಾಗಕ್ಕೆ. ಯಾವುದೇ ಕ್ರಮದ ಅಗತ್ಯವಿಲ್ಲ, ಎಂದಿನಂತೆ ಮುಂದುವರಿಯತಕ್ಕದ್ದು.
4. ಹವಾಮಾನ ವಿಭಾಗಕ್ಕೆ, ದಿನಾಚರಣೆಯಂದು ಮಳೆ ಬಾರದಂತೆ ನೋಡಿಕೊಳ್ಳಲು.
5. ಕಾಕತಾಳೀಯ ವಹಿ, ಸಂಪುಟ 17.
6. ಬಕೆಟ್ ಅಕ್ಕನವರಿಗೆ, ನೀರು ಹೀರದ ಕಾಗದದಲ್ಲಿ.