ದಮ್ಮಿಗೆ ಮಾರ್ಕು

ಉಸಿರು ಅಳೆಯುವ ಕೊಳವೆಗೆ ಮೋಸ ಮಾಡಲು ಹೊರಟವನು ಈ ಊರಲ್ಲಿ ನಾನೊಬ್ಬನೇ ಇರಬೇಕು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ನನಗೆ ಸಿಟ್ಟು ಬಂದದ್ದು ಆ ಕೊಳವೆಯನ್ನು ನಂಬಿದವರ ಮೇಲೆ. ಕ್ರಿಶ್ಚಿಯನ್ ಮದುವೆಯ ಹಾಲ್‌ಗಳಲ್ಲಿ ಮೈಕ್ ಹಿಡಿದು ಕಾರ್ಯಕ್ರಮ ನಡೆಸುವ, ವಧೂವರರಿಗೆ ಶುಭ ಕೋರಿ ಟೋಸ್ಟ್ ಹೇಳುವ ಎಂಸಿ ನಾನು. ಪಾದ್ರಿಗಳು ಗಂಟಲು ಸರಿಮಾಡಿಕೊಳ್ಳುವುದರಿಂದ ಹಿಡಿದು ವರನ ಸೋದರಮಾವ ಕೆಮ್ಮುವುದರವರೆಗೆ ಎಲ್ಲರ ಅನುಕರಣೆಯೇ ನನ್ನ ಹೊಟ್ಟೆಪಾಡು. ಹೋದ ತಿಂಗಳು ಟೋಸ್ಟಿನ ನಡುವೆ ನಿಜವಾದ ಅಸ್ತಮಾ ಎದ್ದು, ಎದೆಯೊಳಗೆ ಸಿಟಿ ಬಸ್ಸಿನ ಕಂಡಕ್ಟರನೊಬ್ಬ ಕೂತು ಸೀಟಿ ಊದತೊಡಗಿದರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾಯುವವನಿಗೆ ಒನ್ಸ್ ಮೋರ್. ಸೋದರಮಾವನಂತೂ ಥೇಟ್ ತನ್ನದೇ ಕೆಮ್ಮು ಎಂದು ಪಕ್ಕದವರಲ್ಲಿ ಹೆಮ್ಮೆಪಟ್ಟರಂತೆ.

ಮೈಕ್ ಬಿಟ್ಟರೆ ನನಗೆ ಬೇರೆ ಕಸುಬಿಲ್ಲ. ಹೆದರಿ ಹಂಪನಕಟ್ಟೆಯ ಒಂದು ಕ್ಲಿನಿಕ್ಕಿಗೆ ಓಡಿದೆ. ರೋಗ ಎಷ್ಟು ಜೋರು ಎಂದು ಅಳೆಯಲು ಅಲ್ಲಿಯ ಸಿಸ್ಟರ್ ಮೊದಲು ಪ್ರಶ್ನೆ ಕೇಳಿದರು: ರಾತ್ರಿ ಎಚ್ಚರ ಆಗ್ತದಾ, ಬಾಯಿಗೆ ಹೊಡೆಯುವ ಪಂಪ್ ಎಷ್ಟು ಸಲ ಬೇಕಾಗ್ತದೆ, ಕೆಲಸಕ್ಕೆ ತೊಂದರೆ ಉಂಟಾ. ನಮ್ಮೂರಿನವರಲ್ಲಿ ಎಲ್ಲ ಕಷ್ಟಕ್ಕೂ ಒಂದೇ ಉತ್ತರ, 'ಸ್ವಲ್ಪ'. ಮನೆಯ ಮಾಡು ಕುಸಿದು ತಲೆ ಮೇಲೆ ಬಿದ್ದರೂ ಸ್ವಲ್ಪ. ನಾನೂ ಅದನ್ನೇ ಹೇಳಿದೆ. ಆಮೇಲೆ ಕೊಳವೆ ಕೊಟ್ಟು ಗಟ್ಟಿಯಾಗಿ ಊದಲು ಹೇಳಿದರು. ನನಗಿಂತ ಮೊದಲು ಊದಿದ ಬಂದರಿನಲ್ಲಿ ಮೀನು ಮಾರುವ ಬಾಯಮ್ಮ ಒಂದೇ ಉಸಿರಿಗೆ ಕೊಳವೆಯ ಮೇಲಿನ ಅಳತೆಯ ಮುಳ್ಳನ್ನು ಅರ್ಧಕ್ಕಿಂತ ಮೇಲೆ ಅಟ್ಟಿದ್ದರು. ನಾನು ಸೋಲುವುದೇ? ವೇದಿಕೆಯಲ್ಲಿ ನಾಲಗೆ ಚಿಮ್ಮಿಸಿ ಗರ್ನಾಲು ಪಟಾಕಿ ಸಿಡಿಸುವ ಶಬ್ದ ಮಾಡುತ್ತೇನಲ್ಲ, ಅದನ್ನೇ ಕೊಳವೆಯೊಳಗೆ ಸಿಡಿಸಿದೆ. ಮುಳ್ಳು ಹಾರಿ ತುದಿ ಮುಟ್ಟಿತು.

ಡಾಕ್ಟ್ರಮ್ಮ ಅದನ್ನು ನೋಡಿ, ಕಂಟ್ರೋಲಿನಲ್ಲಿ ಉಂಟಲ್ಲ, ಹಳೇ ಮದ್ದೇ ಸಾಕು ಎಂದರು. ನನಗೆ ಉರಿಯಿತು. ಅವರದೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ನಡುವೆ ಕೂತು ಸುಧಾರಿಸಿಕೊಂಡು ಬಂದವನು ನಾನು. ಉಸಿರೇ ಇಲ್ಲದವನಿಗೆ ಫಸ್ಟ್ ಕ್ಲಾಸ್ ಕೊಡುವ ಇದೆಂಥ ಯಂತ್ರ? ಮನುಷ್ಯನ ಮಾತಿಗಿಂತ ಪ್ಲಾಸ್ಟಿಕ್ಕಿನ ಮಾತು ಹೆಚ್ಚೇ? ಸುಳ್ಳು ಹೇಳುವ ಈ ಕೊಳವೆಯನ್ನು ಕಿಟಕಿಯಿಂದ ಬಿಸಾಡಿ ಎಂದು, ನಡುನಡುವೆ ಸುಯ್‌ಗುಡುತ್ತ, ಹೊರಗೆ ಕೂತವರಿಗೂ ಕೇಳುವಂತೆ ಭಾಷಣ ಬಿಗಿದೆ. ಅವರು ತಣ್ಣಗೆ ಕೇಳಿಸಿಕೊಂಡು, ತಮ್ಮೆದುರೇ ಇನ್ನೊಮ್ಮೆ ಊದಲು ಹೇಳಿದರು. ಹಟಕ್ಕೆ ಬಿದ್ದು ಇನ್ನೊಂದು ಗರ್ನಾಲು ಬಿಟ್ಟೆ. ಮುಳ್ಳು ಮತ್ತೆ ತುದಿಗೆ.

ಡಾಕ್ಟ್ರಮ್ಮ ಮೇಜಿನ ಮೇಲೆ ಬಿದ್ದ ನನ್ನ ಉಗುಳನ್ನು ಒರೆಸಿದರು. "ನಿಮ್ಮ ನಾಲಗೆಗೆ ಅಸ್ತಮಾ ಇಲ್ಲ ಮಾರಾಯ್ರೆ, ಅದು ಇಡೀ ಕ್ಲಿನಿಕ್ಕಿಗೆ ಗೊತ್ತಾಯ್ತು. ಈಗ ಅದನ್ನು ಒಳಗಿಟ್ಟು ಎದೆಯಿಂದ ಊದಿ."