ಅಣ್ಣಾಸಾಬ ಒಳಗೆ ಬರಲು ನೋಡಿದ

ಧರೆಪ್ಪ ಆ ಇಂಗ್ಲಿಷ್ ಸಾಲನ್ನು ಬಾಯಿಬಿಟ್ಟು ಓದಬಾರದಿತ್ತು. ಓದಿದರೂ ಅದನ್ನು ಕನ್ನಡ ಮಾಡಿ ಹೇಳಬಾರದಿತ್ತು. ಆದರೆ ಧರೆಪ್ಪನಂಥವರಿಗೆ ಗೊತ್ತಿದ್ದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಅವರು ದಿನಗೂಲಿಯ ರೋಜಂದಾರಿಯಾಗಿಯೇ ಉಳಿಯುತ್ತಾರೆ.

ಕೃಷ್ಣಾ ನದಿಯ ಮಂಜು ಕುಡಚಿಯ ಕಡೆಯಿಂದ ಎದ್ದು ಬಂದು ಸಕ್ಕರೆ ಕಾರ್ಖಾನೆಯ ಅಂಗಳವನ್ನೆಲ್ಲ ನುಂಗಿ ಕೂತಿತ್ತು. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಮುಂದಿನ ಎರಡು ಮಾತ್ರ ಕಣ್ಣಿಗೆ ಕಾಣುತ್ತಿದ್ದವು, ಉಳಿದವು ಬರೀ ಕೆಮ್ಮಿನ ಸದ್ದು. ಬೆಳಗಿನ ಜಾವ ಕರೆಂಟು ಹೋಗಿ ಬಂದಿತ್ತು. ಕಬ್ಬು ತೂಗುವ ಕಾಟಾದ ಕೋಣೆಯಲ್ಲಿ ಕಂಪ್ಯೂಟರು ತಾನಾಗಿ ಎದ್ದಿತ್ತು. ಆದರೆ ಅದರೊಳಗಿನ ಡೇಟಾಬೇಸ್ ಸರ್ವರ್ ಏಳಲಿಲ್ಲ. ಯಾರ ಕಬ್ಬು, ಎಷ್ಟು ಟನ್ನು ಎಂಬುದೆಲ್ಲ ಅದರ ಹೊಟ್ಟೆಯಲ್ಲೇ ಇತ್ತು. ದಿನಾಲೂ ಕಂಪ್ಯೂಟರಿನ ಬೆನ್ನಿಗೇ ತಾನಾಗಿ ಏಳುತ್ತಿದ್ದ ಅದು ಇವತ್ತು ಮೈಗಳ್ಳ ಎತ್ತಿನ ಹಾಗೆ ನೆಲ ಹಿಡಿದಿತ್ತು.

ಇವತ್ತೇ ಹೀಗಾಗಬೇಕೆ? ಕಾಟಾಕ್ಕೆ ಒಂದೇ ಒಂದು ಕಾಯಂ ಹುದ್ದೆ ಮಂಜೂರಾಗಿತ್ತು. ಧರೆಪ್ಪನ ಹೆಸರಿನ ಆರ್ಡರ್ ಮ್ಯಾನೇಜರ್ ಜಯಪಾಲರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಅವನಿಗಿಂತ ಮೊದಲಿನ ಆಪರೇಟರ್ ಅಣ್ಣಾಸಾಬ ಇದೇ ಹುದ್ದೆಯ ಆಸೆಗೆ ಹಂಗಾಮಿನ ಮೇಲೆ ಹಂಗಾಮು ಸಲಾಮು ಹೊಡೆದು, ಹೋದ ತಿಂಗಳು ಇದೇ ಕುರ್ಚಿಯಲ್ಲಿ ಕೂತಲ್ಲೇ ಸತ್ತಿದ್ದ. ಕಾರ್ಖಾನೆ ಅವನಿಗೊಂದು ಹಾರ ಹಾಕಿತ್ತು, ಅದೂ ಚೇರ್ಮನ್ನರ ಹುಟ್ಟುಹಬ್ಬದಲ್ಲಿ ಉಳಿದದ್ದು.

ಧರೆಪ್ಪ ಕಂಪ್ಯೂಟರನ್ನು ಬಂದ್ ಮಾಡಿ ಹಚ್ಚಿದ. ಸರ್ವರ್ ಏಳಲಿಲ್ಲ. ಮತ್ತೊಮ್ಮೆ ಹಚ್ಚಿದರೂ ಅದೇ ಗತಿ. ಕಡೆಗೆ ಯಂತ್ರ ತನ್ನ ತಕರಾರುಗಳನ್ನು ಬರೆದಿಟ್ಟುಕೊಳ್ಳುವ ಜಾಗವನ್ನು ತೆಗೆದು ನೋಡಿದ. ಬಾಗಿಲಲ್ಲಿ ವಾಚಮನ್ ಲಗಮಪ್ಪ, ಅವನ ಹೆಗಲ ಮೇಲಿಂದ ಇಣುಕುವ ಡ್ರೈವರುಗಳು. ಏನಂತೈತಿ ಅದು ಅಂತ ಲಗಮಪ್ಪ ಕೇಳಿದ. ಧರೆಪ್ಪ ಅಲ್ಲಿದ್ದ ಇಂಗ್ಲಿಷ್ ಸಾಲನ್ನು ಓದಿ, ಇದ್ದದ್ದನ್ನು ಇದ್ದಂತೆ ಕನ್ನಡ ಮಾಡಿ ಹೇಳಿಬಿಟ್ಟ.

"ಅಣ್ಣಾಸಾಬ ಒಳಗ ಬರಾಕ ನೋಡಿದ. ಬಿಡಲಿಲ್ಲ."

ಯಾರೂ ನಗಲಿಲ್ಲ. ಅಷ್ಟರಲ್ಲಿ ಯಾರೂ ಏನೂ ಮುಟ್ಟದೆ ಪರದೆಯ ಮೇಲೆ ಇನ್ನೊಂದು ಸಾಲು ಬಂತು, ಅದೇ ಮಾತು, ಅದೇ ಹೆಸರು. ತುಸು ಹೊತ್ತು ಬಿಟ್ಟು ಮತ್ತೊಂದು ಬಂತು. ಮಂಜಿನಲ್ಲಿ ಯಾರೋ ಹೊರಗೆ ನಿಂತು, ಕಾದು, ಮತ್ತೆ ಬಾಗಿಲು ತಟ್ಟಿದ ಹಾಗೆ.

ಲಗಮಪ್ಪ ತಲೆಯ ಟೊಪ್ಪಿಗೆ ತೆಗೆದ. "ಯಾಂವ ಬಿಡವಲ್ಲಲೇ ಅಂವನ್ನ?"

ಸತ್ತವನ ಹೆಸರಿನ ಲಾಗಿನ್ ಮಶೀನಿನಲ್ಲಿ ಯಾಕೆ, ಮುಚ್ಚಿಬಿಡು ಎಂದು ನಿನ್ನೆ ಜಯಪಾಲರು ಹೇಳಿದ್ದರು. ಮುಚ್ಚಿದವನು ಧರೆಪ್ಪನೇ. ಅದನ್ನೂ ಹೇಳಿಬಿಟ್ಟ. ಡ್ರೈವರುಗಳು ಎರಡು ಹೆಜ್ಜೆ ಹಿಂದೆ ಸರಿದರು. ಸತ್ತವನಿಂದಲ್ಲ, ಧರೆಪ್ಪನಿಂದ.

ಜಯಪಾಲರು ಮಫ್ಲರ್ ಸುತ್ತಿಕೊಂಡು ಬಂದು ಎಲ್ಲರನ್ನೂ ಬೈದರು. ತಮ್ಮ ಜೈನ ಧರ್ಮದಲ್ಲಿ ಇಂಥ ಭೂತದ ಭಾನಗಡಿಗೆ ಜಾಗವೇ ಇಲ್ಲ, ಜೀವ ಒಂದು ದೇಹ ಬಿಟ್ಟ ಕ್ಷಣವೇ ಇನ್ನೊಂದನ್ನು ಹಿಡಿಯುತ್ತದೆ, ಬಾಗಿಲು ತಟ್ಟುತ್ತ ತಿರುಗುವುದಿಲ್ಲ ಎಂದರು. ಲಗಮಪ್ಪ ಬಹಳ ಮರ್ಯಾದೆಯಿಂದ ಕೇಳಿದ:

"ಅಂವಾ ಸತ್ತಾಗ ಅಂವನ ಸಮೀಪ ಇದ್ದದ್ದು ಈ ಡಬ್ಬಿ ಒಂದರಿ ಸಾಹೇಬ್ರ. ಇದನ್ನ ಹಿಡದಿದ್ರ?"

ಜಯಪಾಲರು ಕಂಪ್ಯೂಟರಿನ ಡಬ್ಬಿಯನ್ನು ನೋಡಿದರು. ಡಬ್ಬಿಯೊಳಗಿನ ಫ್ಯಾನು ಉಸಿರೆಳೆದುಕೊಳ್ಳುತ್ತಿತ್ತು. ಅವರು ಕುರ್ಚಿಯ ಮೇಲೆ ಇಟ್ಟಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಗೊಂಡರು.

ಧರೆಪ್ಪ ಹೊರಗೆ ಹೋಗಿ ಸಾಫ್ಟ್‌ವೇರ್ ಕೊಟ್ಟ ಮಿರಜದ ಆಫೀಸಿಗೆ ಫೋನು ಹಚ್ಚಿದ. ಅಲ್ಲಿಯ ಪ್ರಾಜಕ್ತಾ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನಗುತ್ತ ಬಿಡಿಸಿ ಹೇಳಿದಳು. ಕಂಪ್ಯೂಟರು ಹಚ್ಚಿದ ಕೂಡಲೇ ಡೇಟಾಬೇಸ್ ಅಣ್ಣಾಸಾಬನ ಹೆಸರು ಹೇಳಿಕೊಂಡೇ ಏಳುವಂತೆ ಅವರು ಮೊದಲೇ ಮಾಡಿಟ್ಟಿದ್ದರು. ಹೆಸರು ಮುಚ್ಚಿದ್ದರಿಂದ ಅದು ಎದ್ದಿಲ್ಲ, ಎದ್ದೇಳಲು ತಾನೇ ಮತ್ತೆ ಮತ್ತೆ ನೋಡುತ್ತದೆ. ಬೇರೆ ಹೆಸರು ಹಾಕಲು ಕಾರ್ಖಾನೆಯ ಪತ್ರ ಬೇಕು, ಅದಕ್ಕೆ ನಾಳೆಯಾಗುತ್ತದೆ. ಇವತ್ತಿಗೆ ಹಳೆಯ ಹೆಸರನ್ನೇ ತೆರೆದುಬಿಡಿ ಎಂದಳು.

ಧರೆಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ತಿರುಗಿ ಬಂದರೆ ಕೋಣೆಯೊಳಗೆ ಕಾಲಿಡಲು ಲಗಮಪ್ಪ ಬಿಡಲಿಲ್ಲ. ಮುಚ್ಚಿದ ಕೈಯಿಂದಲೇ ಮತ್ತೆ ಮುಟ್ಟುವುದು ಬ್ಯಾಡ ಎಂದು ಡ್ರೈವರುಗಳೇ ಪಂಚರಾಗಿ ತೀರ್ಮಾನಿಸಿದ್ದರು. ಅಣ್ಣಾಸಾಬನ ಹೆಂಡತಿ ಸತ್ತೆವ್ವನನ್ನು ದಿಗ್ಗೇವಾಡಿಯಿಂದ ಕರೆತರಲು ಮೋಟರ್ ಸೈಕಲ್ಲು ಹೋಗಿತ್ತು. ಹಿಂದಿನ ಟ್ರ್ಯಾಕ್ಟರುಗಳಿಂದ ಬೈಗುಳ ಶುರುವಾಗಿದ್ದವು. ಕಬ್ಬು ಒಣಗಿದಷ್ಟೂ ತೂಕ ಕಡಿಮೆ, ಮತ್ತು ಬೈಗುಳಗಳಲ್ಲೆಲ್ಲ ಧರೆಪ್ಪನ ಹೆಸರಿತ್ತು. ಕಾಟಾ ಸಂಜೆಯೊಳಗೆ ಚಾಲೂ ಆಗದಿದ್ದರೆ ಆರ್ಡರಿಗೆ ಸಹಿ ಆಗುವುದಿಲ್ಲ ಎಂದು ಜಯಪಾಲರು ತಣ್ಣಗೆ ತಿಳಿಸಿದರು.

ಸತ್ತೆವ್ವ ಬಂದಳು. ಅಳಲಿಲ್ಲ, ಹೆದರಲೂ ಇಲ್ಲ. ಹೊಳೆಯ ದಂಡೆಯಲ್ಲಿ ಎಡೆ ಇಟ್ಟಾಗಲೂ ಕಾಗೆ ಮುಟ್ಟಿರಲಿಲ್ಲ, ಕಾದು ಕಾದು ಆಕಳಿಗೆ ತಿನ್ನಿಸಿ ಬಂದಿದ್ದೆವು ಎಂದಳು. ಅವಳು ಕಿಟಕಿಯ ಕಟ್ಟೆಯ ಮೇಲೆ ಬಾಳೆ ಎಲೆ ಹಾಸಿ ರೊಟ್ಟಿ, ಝುಣಕ, ಒಂದು ಚಿಟಿಕೆ ತಂಬಾಕು ಇಟ್ಟಳು. ಎದುರಿನ ಕಬ್ಬಿನ ಹೇರಿನ ಮೇಲೆ ಒಂದು ಕಾಗೆ ಮಂಜಿನೊಳಗಿಂದ ಬಂದು ಕೂತಿತು. ಎಲೆಯನ್ನು ನೋಡಿತು. ಮುಟ್ಟಲಿಲ್ಲ.

ಸತ್ತವನ ಆಸೆ ಪೂರೈಸುತ್ತೇವೆ ಎಂದು ಮಾತು ಕೊಟ್ಟರೆ ಕಾಗೆ ಮುಟ್ಟುತ್ತದೆ. ಅದು ಎಲ್ಲರಿಗೂ ಗೊತ್ತಿದ್ದ ರಿವಾಜು. ಒಬ್ಬ ಮನೆಯ ಮಾಳಿಗೆ ಹೊದಿಸುತ್ತೇವೆ ಎಂದ, ಇನ್ನೊಬ್ಬ ಮಗಳ ಲಗ್ನ ಮಾಡುತ್ತೇವೆ ಎಂದ. ಕಾಗೆ ಬೆನ್ನು ತಿರುಗಿಸಿತು. ಆಗ ಸತ್ತೆವ್ವ ಜಯಪಾಲರ ಕಡೆ ತಿರುಗಿದಳು.

"ಅಂವಾ ನಿದ್ದಿಗಣ್ಣಾಗೂ ಒಂದ ಮಾತ ಕೇಳತಿದ್ದರಿ. ನನ್ನ ಕಾಯಂ ಯಾವಾಗ ಮಾಡತಾರ ಅಂತ."

ಎಲ್ಲರ ಕಣ್ಣೂ ಜಯಪಾಲರ ಮೇಲೆ. ಎಲ್ಲರ ಬೆನ್ನೂ ಬಾಗಿಲಿಗೆ. ಧರೆಪ್ಪ ಇದೇ ಹೊತ್ತೆಂದು ಒಳಗೆ ನುಸುಳಿದ. ಮುಚ್ಚಿದ್ದ ಹೆಸರನ್ನು ತೆರೆದ. ಇನ್ನು ಕಂಪ್ಯೂಟರನ್ನು ಮತ್ತೆ ಹಚ್ಚುವುದೊಂದೇ ಬಾಕಿ. ಗುಂಪಿನ ಕಣ್ಣು ಅತ್ತಲೇ ಇರಲೆಂದು, ಹೊರಗೆ ಕಿಟಕಿಯ ಪಕ್ಕಕ್ಕೆ ಒರಗಿ ನಿಂತಿದ್ದ ಜಯಪಾಲರ ಕಿವಿಯಲ್ಲಿ ಒಳಗಿನಿಂದಲೇ ಪಿಸುಗುಟ್ಟಿದ:

"ಅಂದಬಿಡ್ರಿ ಸಾಹೇಬ್ರ. ಬಾಯಿಮಾತಿಗೇನ ಸಹಿ ಬೇಕ?"

ಜಯಪಾಲರು ತಿರುಗಿ, ಕಣ್ಣು ಮುಚ್ಚಿ ಡಬ್ಬಿಗೆ ಕೈಮುಗಿದರು. "ಅಣ್ಣಾಸಾಬ, ನಿನ್ನ ಕಾಯಂ ಮಾಡೇವಿ. ಒಳಗ ಬಾ."

ಧರೆಪ್ಪ ಬಟನ್ ಒತ್ತಿದ. ಪರದೆ ಕಪ್ಪಾಯಿತು, ಬೆಳಗಿತು, ಸರ್ವರಿನ ಹಸಿರು ಗುರುತು ತಾನಾಗಿ ಮೂಡಿತು. ಹೊರಗೆ ಕಾಗೆ ಬಾಣದ ಹಾಗೆ ಇಳಿದು ರೊಟ್ಟಿ ಎತ್ತಿಕೊಂಡು ಮಂಜಿನಲ್ಲಿ ಕರಗಿತು.

ಧರೆಪ್ಪ ನಗುತ್ತ ಎಲ್ಲರಿಗೂ ತಿಳಿಸಿ ಹೇಳಿದ. ಮಿರಜ, ಪ್ರಾಜಕ್ತಾ, ಮುಚ್ಚಿದ ಹೆಸರು, ತೆರೆದ ಹೆಸರು ಎಲ್ಲವನ್ನೂ ವಿವರಿಸಿದ. ಒಬ್ಬನೂ ನಂಬಲಿಲ್ಲ. ಹಾಗಾದರೆ ನೋಡ್ರಿ ಎಂದು ಹಟಕ್ಕೆ ಬಿದ್ದು ಹೆಸರನ್ನು ಮತ್ತೆ ಮುಚ್ಚಿ ಕಂಪ್ಯೂಟರು ಹಚ್ಚಿದ. ಸರ್ವರ್ ಏಳಲಿಲ್ಲ. ಪರದೆಯ ಮೇಲೆ ಅದೇ ಸಾಲು ಬಂತು.

"ಸಿಟ್ಟ ಬಂತ ನೋಡ್ರಿ ಅಂವಗ," ಎಂದ ಲಗಮಪ್ಪ.

ಡ್ರೈವರುಗಳು ಧರೆಪ್ಪನ ಕೈ ಹಿಡಿದು ಹೆಸರು ತೆರೆಸಿದರು. ಹಸಿರು ಗುರುತು ಬಂತು. ತನ್ನ ಮಾತಿಗೆ ಇದಕ್ಕಿಂತ ಗಟ್ಟಿ ಪುರಾವೆ ಇನ್ನೆಲ್ಲಿದೆ ಎಂದು ಧರೆಪ್ಪ ಅಂದುಕೊಂಡ. ಅವರೂ ಅದನ್ನೇ ಅಂದುಕೊಂಡರು, ತಮ್ಮ ಮಾತಿಗೆ.

ಮಧ್ಯಾಹ್ನದೊಳಗೆ ಮೇಜಿನ ಮೇಲಿದ್ದ ಆರ್ಡರಿನಲ್ಲಿ ಹೆಸರು ಬದಲಾಗಿತ್ತು. ಪಗಾರ ಸತ್ತೆವ್ವನ ಕೈಗೆ. ಧರೆಪ್ಪ ಮೊದಲಿನಂತೆ ರೋಜಂದಾರಿ, ಅಣ್ಣಾಸಾಬನ ಕೈಕೆಳಗೆ. ಅವನು ಜಯಪಾಲರ ಕಾಲು ಹಿಡಿದ. ಅದು ಬರೀ ಮಾತಲ್ಲವೇ, ನೀವು ಎಷ್ಟು ಜನಕ್ಕೆ ಕೊಟ್ಟ ಮಾತು ಮುರಿದಿಲ್ಲ ಎಂದು ಕೇಳಿದ. ಜಯಪಾಲರು ಒಪ್ಪಿಕೊಂಡರು.

"ಬದಕಿದಾವಂಗ ಕೊಟ್ಟ ಮಾತ ಬ್ಯಾರೆಪಾ. ಮುರದ್ರ ಅಂವಾ ಯೂನಿಯನ್ನಿಗೆ ಹೋಗತಾನ, ಕೋರ್ಟಿಗೆ ಹೋಗತಾನ. ಸತ್ತಾಂವಾ ಸೀದಾ ಮನೀಗೆ ಬರತಾನ."

ಹಾಗಾದರೆ ಅವನು ರಿಟೈರ್ ಆದ ಮೇಲಾದರೂ ನನಗೆ ಕೊಡಿರಿ ಎಂದ ಧರೆಪ್ಪ. ಅಣ್ಣಾಸಾಬ ಸಾಯುವಾಗ ನಲವತ್ತೊಂದರವನು. ಜಯಪಾಲರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಲಗಮಪ್ಪ ಅಡ್ಡ ಬಂದ.

"ಅಂವಗಿನ್ನ ವಯಸ್ಸ ಎಲ್ಲಿ ಆಗತೈತ್ರಿ ಸಾಹೇಬ್ರ?"

ಜಯಪಾಲರು ಬೆರಳು ಬಿಚ್ಚಿದರು.

ಗೇಟಿನ ಹತ್ತಿರ ಧರೆಪ್ಪ ಸತ್ತೆವ್ವನನ್ನು ತಡೆದ. ಜಯಪಾಲರು ಕೈಮುಗಿದಾಗ ಕಿಟಕಿಯೊಳಗೆ ನೋಡುತ್ತಿದ್ದವಳು ಅವಳೊಬ್ಬಳೇ. "ಕಾಕೂ, ನಾ ಬಟನ್ ಒತ್ತಿದ್ದ ನೀ ನೋಡೀದಿ. ಅವರಿಗೆ ಒಂದ ಮಾತ ಹೇಳ."

ಸತ್ತೆವ್ವ ಅವನ ಮುಖ ನೋಡಿ ಹೇಳಿದಳು. "ನೋಡೇನಿ ತಮ್ಮಾ. ನೀ ಒತ್ತೂದರಾಗ ಅಂವಾ ಒಳಗ ಬಂದಿದ್ದ."

ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ. ಧರೆಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಪರದೆ ಕಪ್ಪಾದದ್ದು ತನ್ನ ಬೆರಳು ಮುಟ್ಟಿದ ಮೇಲೋ, ಮುಟ್ಟುವ ಮೊದಲೋ? ಎಷ್ಟು ನೆನೆಸಿದರೂ ಬೆರಳು ಬಟನ್ನಿಗಿಂತ ಒಂದು ಗೇಣು ಈಚೆಗೇ ನಿಲ್ಲುತ್ತಿತ್ತು.

ಕಾಟಾದ ಕೋಣೆಗೆ ಬಂದರೆ ಕುರ್ಚಿಗೆ ಯಾರೋ ಹೂವು ಏರಿಸಿ, ಪಕ್ಕದಲ್ಲಿ ಒಂದು ಸ್ಟೂಲು ಇಟ್ಟಿದ್ದರು. ಮಂಜು ಇನ್ನೂ ಸರಿದಿರಲಿಲ್ಲ. ಅವನು ಸ್ಟೂಲಿನ ತುದಿಯಲ್ಲಿ ಕೂತು, ಕುರ್ಚಿಗೆ ಕೈ ತಾಗದಂತೆ ಬಗ್ಗಿ ಕೀಲಿಮಣೆ ಎಳೆದುಕೊಂಡ. ಅಥಣಿ ಕಡೆಯ ಹೊಸ ಟ್ರ್ಯಾಕ್ಟರೊಂದು ಕಾಟಾ ಏರಿ ನಿಂತಿತು. ಕಾಣದ ಡ್ರೈವರ್ ಕೆಳಗಿನಿಂದ ಕೂಗಿ ಕೇಳಿದ, ಇವತ್ತ ಕಾಟಾದಾಗ ಯಾರ ಅದೀರಿ ಅಂತ.

ಧರೆಪ್ಪ ಪಕ್ಕಕ್ಕೆ ನೋಡದೆ ಹೇಳಿದ:

"ಅಣ್ಣಾಸಾಬ."